ನಾಲ್ಕು ಬೆರಳು ತಗ್ಗಿಸಿದ ಕಾರು

ನಮ್ಮ ಅತ್ತೆ "ನಂಗೆ ಆ ಕಾರು ಹತ್ತೋಕಾಗಲ್ಲ" ಅಂದರು. ಅಂದದ್ದು ಅಷ್ಟೇ. ಅದನ್ನು ಕೇಳಿಸಿಕೊಂಡ ಮಾವ ಕಾರನ್ನೇ ನಾಲ್ಕು ಬೆರಳು ತಗ್ಗಿಸಿಕೊಂಡು ಬಂದರು. ಹತ್ತೋಕಾಗಲ್ಲ ಅಂದರೆ ಮಂಡಿ ನೋವು, ಮಂಡಿ ನೋವು ಅಂದರೆ ಕಾರು ಎತ್ತರ, ಎತ್ತರ ಅಂದರೆ ತಗ್ಗಿಸಬೇಕು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು ಅವರು; ಯಾರು ಯಾವ ಕಷ್ಟ ಹೇಳಿದರೂ ಅದಕ್ಕೊಂದು ಸ್ಪ್ಯಾನರ್ ಇದ್ದೇ ಇರುತ್ತದೆ ಎಂದು ನಂಬಿದ್ದರು. ಹೆಂಡತಿಯ ಮಾತಿನ ಹಿಂದೆ ಇನ್ನೊಂದು ಮಾತು ಇರಬಹುದು ಎಂಬ ಸಂಶಯ ಅವರಿಗೆ ಬರಲಿಲ್ಲ. ನನಗೂ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮದು ರಾಜಾಜಿನಗರದ ಮನೆ. ನಮ್ಮ ಯಜಮಾನರು ಫ್ಯಾಕ್ಟರಿ ಬಸ್ಸಿನಲ್ಲಿ ಹೋಗಿ ಬರುವವರು, ಕಾರಿನ ಗೊಡವೆ ಅವರಿಗೆ ಬೇಡ. ಮಾವನಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಡಾಕ್ಟರು ಓಡಿಸಬೇಡಿ ಅಂದಿದ್ದರು. ಹಾಗಾಗಿ ಮನೆಯ ಹಳೇ ಕಾರಿಗೆ ಸಾರಥಿ ನಾನು. ನನ್ನ ತವರು ಕೆಂಗೇರಿ. ಅಪ್ಪ ತೋಟದ ತರಕಾರಿಯನ್ನು ವ್ಯಾನಿನಲ್ಲಿ ಮಾರ್ಕೆಟ್ಟಿಗೆ ಹಾಕುತ್ತಿದ್ದರು. ಗಂಡುಮಕ್ಕಳಿಲ್ಲದ ಅವರು ವ್ಯಾನು ಓಡಿಸುವುದನ್ನೂ ಅದರಡಿ ಮಲಗಿ ಗ್ರೀಸು ತುಂಬುವುದನ್ನೂ ನನಗೇ ಕಲಿಸಿದ್ದರು. ಮದುವೆಯಾಗಿ ಬಂದ ಮನೆಯಲ್ಲಿ ನನಗೆ ಚಕ್ಕುಲಿ ಸರಿಯಾಗಿ ಬರುತ್ತಿರಲಿಲ್ಲ, ರಂಗೋಲಿಯ ಚುಕ್ಕಿ ತಪ್ಪುತ್ತಿತ್ತು. ಬರುತ್ತಿದ್ದದ್ದು ಕಾರು ಓಡಿಸುವುದೊಂದೇ. ನಾನು ಕಾರು ಹೊರಗೆ ತೆಗೆಯುವಾಗ ಬೀದಿಯ ಹೆಂಗಸರು ಕಾಂಪೌಂಡಿಗೆ ಬಂದು ನಿಲ್ಲುತ್ತಿದ್ದರು. ನನಗೆ ಜಂಬವಿತ್ತು. ಆ ಮನೆಯಲ್ಲಿ ನಾನು ತಲೆಯೆತ್ತಿ ಕೂರುತ್ತಿದ್ದ ಜಾಗ ಸ್ಟೀರಿಂಗಿನ ಹಿಂದೆ ಮಾತ್ರ.

ಕಾರು ತಗ್ಗಿಸುವುದು ಆಗ ರೇಸಿನ ಹುಚ್ಚಿನ ಹುಡುಗರ ಕೆಲಸ. ಮಾವನನ್ನು ಕೂರಿಸಿಕೊಂಡು ನಾಯಂಡಹಳ್ಳಿಯ ಗ್ಯಾರೇಜಿಗೆ ಕಾರು ಒಯ್ದವಳು ನಾನೇ. ಮೆಕ್ಯಾನಿಕ್ ಕೇಳಿಯೇ ಕೇಳಿದ.

"ಮನೆ ಕಾರಿಗೆ ಇದೆಲ್ಲ ಯಾಕೆ ಸಾರ್?"

"ನಮ್ಮ ಮನೆಯವರಿಗೆ ಕಾಲು ಎತ್ತೋಕಾಗಲ್ಲ ಕಣಯ್ಯ. ನೀನು ಕಾರು ಇಳ್ಸು."

ಅವನು ಇಳಿಸಿದ. ಮುಂದಿನ ಚಕ್ರಗಳ ಸುರುಳಿ ಸ್ಪ್ರಿಂಗನ್ನು ಒಂದೊಂದು ಸುತ್ತು ಕತ್ತರಿಸಿದ. ಹಿಂದೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅದರಲ್ಲಿ ಎರಡೂ ಕಡೆ ಒಂದೊಂದು ಪಟ್ಟಿ ತೆಗೆದ. ಕಾರು ಜೋಲುಮುಖ ಹಾಕಿಕೊಂಡು ನೆಲಕ್ಕೆ ಕೂತಿತು. ಮಾವ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳಿಟ್ಟು ಅಳೆದು, ತೃಪ್ತಿಯಿಂದ ತಲೆಯಾಡಿಸಿದರು.

ಮಂಡಿ ನೋವಿನವರಿಗೆ ಬೇಕಾದದ್ದು ತಗ್ಗಿನ ಸೀಟಲ್ಲ, ಎತ್ತರದ ಸೀಟು ಎಂಬುದು ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಮಣೆಯ ಮೇಲಿಂದ ಏಳುವುದು ಕಷ್ಟವೋ ಕುರ್ಚಿಯಿಂದ ಏಳುವುದು ಕಷ್ಟವೋ? ಅತ್ತೆ ಮೊದಲ ದಿನ ಹತ್ತಿದಾಗ ಕೂತರು ಅನ್ನುವುದಕ್ಕಿಂತ ಬಿದ್ದರು ಅನ್ನಬೇಕು. ಇಳಿಯುವಾಗ ನಾನು ಒಂದು ಕೈ, ಮಾವ ಒಂದು ಕೈ ಹಿಡಿದು, ಬಾವಿಯಿಂದ ಬಿಂದಿಗೆ ಎಳೆದ ಹಾಗೆ ಎಳೆದೆವು. ಆದರೂ ಅತ್ತೆ ಚಕಾರವೆತ್ತಲಿಲ್ಲ. ತನಗಾಗಿ ಗಂಡ ಇಷ್ಟು ಮಾಡಿದ ಮೇಲೆ ಇನ್ನು ಬರುವುದಿಲ್ಲ ಅನ್ನಲು ಅವರಿಗೆ ದಾರಿಯಿರಲಿಲ್ಲ. ಎಲ್ಲಿಗೆ ಹೊರಟರೂ ಹಳೇ ದುಪ್ಪಟಿಯೊಂದನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಸುತ್ತಿದ್ದರು. ಯಾಕತ್ತೆ ಅಂದರೆ ಸೀಟು ಸುಡುತ್ತೆ ಅನ್ನುತ್ತಿದ್ದರು. ಬೆಳಗಿನ ಚಳಿಯಲ್ಲೂ ಸುಡುತ್ತಿತ್ತು ಆ ಸೀಟು. ಹೋದ ಮನೆಯಲ್ಲಿ ಕಾಫಿ ಕೊಟ್ಟರೆ ಬೇಡ, ನೀರು ಕೊಟ್ಟರೆ ಬೇಡ. ದೊಡ್ಡಸ್ತಿಕೆ ಅಂದುಕೊಂಡಿದ್ದೆ ನಾನು.

ನನಗೆ ಬೇರೆಯವರ ಕಡೆ ನೋಡಲು ಪುರುಸೊತ್ತಾದರೂ ಎಲ್ಲಿತ್ತು? ಕಾರು ನನ್ನ ಕೈ ತಪ್ಪಿತ್ತು. ಗ್ಯಾರೇಜಿನಿಂದ ಬಂದಾಗಿನಿಂದ ಸ್ಟೀರಿಂಗು ರಾಗಿಕಲ್ಲಿನ ಹಾಗೆ ಭಾರ. ಒಂದು ಕಡೆ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರ್ ಎನ್ನುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ದಾರಿಯಲ್ಲಿ ಸಣ್ಣ ದಿಣ್ಣೆ ಸಿಕ್ಕರೂ ಕಾರು ತಾನಾಗಿ ಪಕ್ಕಕ್ಕೆ ಹಾರುತ್ತಿತ್ತು. ನಾನು ನೇರ ಹಿಡಿದಿದ್ದೇನೆ, ಅದು ಎಡಕ್ಕೆ ಹೋಗುತ್ತಿದೆ. ಮಾಗಡಿ ರಸ್ತೆಯಲ್ಲಿ ಒಂದು ಎತ್ತಿನ ಗಾಡಿಯ ಪಕ್ಕ ಹೀಗೇ ತೂರಾಡಿ ಹೋದಾಗ ಗಾಡಿಯವನು ಬೈದದ್ದು ನನ್ನನ್ನಲ್ಲ, ನನಗೆ ಕಾರು ಕೊಟ್ಟವರನ್ನು. ಇನ್ನೊಂದು ದಿನ ನಮ್ಮದೇ ಬೀದಿಯ ತಿರುವಿನಲ್ಲಿ ಎದುರು ಮನೆಯ ಗೇಟಿಗೆ ಸವರಿದೆ. ಅಲ್ಲಿ ಮರದಡಿ ನಿಂತಿದ್ದ ಹುಡುಗರಲ್ಲಿ ಒಬ್ಬ ನನಗೆ ಕೇಳಿಸಲೆಂದೇ ಹೇಳಿದ.

"ಗುರು, ಈಯಮ್ಮ ಕಾರ್ ಓಡಿಸ್ತಾ ಇದಾಳೋ, ಕಾರೇ ಈಯಮ್ಮನ್ನ ಓಡಿಸ್ತಾ ಇದೆಯೋ?"

ನಗು ಬೀದಿಯುದ್ದಕ್ಕೂ ಬಂತು. ಕಾಂಪೌಂಡಿಗೆ ಬಂದು ನೋಡುತ್ತಿದ್ದ ಹೆಂಗಸರೂ ಸೆರಗಿನಲ್ಲಿ ನಕ್ಕರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಾರು ಷೆಡ್ಡಿನೊಳಗೆ ಹಾಕಿ, ಬಾಗಿಲು ಮುಚ್ಚಿ, ಅಲ್ಲೇ ಅತ್ತುಬಿಟ್ಟೆ. ಅಂದಿನಿಂದ ಕಾರು ತೆಗೆಯುವ ಮುಂಚೆ ಬೀದಿಯಲ್ಲಿ ಯಾರಿದ್ದಾರೆ ಎಂದು ಕಿಟಕಿಯಿಂದ ನೋಡುವುದು ಅಭ್ಯಾಸವಾಯಿತು.

ಆದರೂ ನನ್ನ ಹಟ ಇಳಿಯಲಿಲ್ಲ. ಒಂದು ಮಧ್ಯಾಹ್ನ ಗೋಣಿಚೀಲ ಹಾಸಿಕೊಂಡು ಕಾರಿನಡಿ ತೂರಿದೆ. ಮುಂದಿನ ಟೈರಿನ ಒಳಮೈ ಸವರಿದರೆ ಅಂಗೈಗೆ ಹತ್ತಿದ್ದು ಬರೀ ನುಣುಪು. ಹೊರಗಿನ ಅಂಚಿನಲ್ಲಿ ಗೀರುಗಳೆಲ್ಲ ನಿಂತಿದ್ದವು, ಒಳಗಿನ ಅಂಚು ಬೋಳು. ಕಾರು ಕೂತಾಗ ಎರಡೂ ಚಕ್ರಗಳ ನೆತ್ತಿ ಒಳಕ್ಕೆ ವಾಲಿ, ಭಾರವೆಲ್ಲ ಒಳಗಿನ ಅಂಚಿನ ಮೇಲೇ ಬೀಳುತ್ತಿತ್ತು. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು ಹೆಚ್ಚು ಕಡಿಮೆ ನೆಲಕ್ಕೆ ಸಮವಾಗಿ ಮಲಗಿರಬೇಕು. ಅಪ್ಪನ ವ್ಯಾನಿನಡಿ ಟಾರ್ಚ್ ಹಿಡಿದು ಎಷ್ಟು ಸಲ ನೋಡಿಲ್ಲ ನಾನು ಅದನ್ನು. ಇಲ್ಲಿ ಅದು ಚಕ್ರದ ಕಡೆಗೆ ಓರೆಯಾಗಿ ಮೇಲೇರಿತ್ತು. ಹೀಗಿರುವಾಗ ಹಳ್ಳದಿಣ್ಣೆಗೆ ಚಕ್ರ ಮೇಲೆ ಕೆಳಗೆ ಹೋದಾಗಲೆಲ್ಲ ಓರೆ ಸರಳು ಅದನ್ನು ಎಳೆಯುತ್ತದೆ, ನೂಕುತ್ತದೆ. ನನ್ನ ಕೈ ಅಲ್ಲಾಡದಿದ್ದರೂ ಕಾರು ತಿರುಗುತ್ತದೆ. ಸರಳಿನ ತುದಿಯ ಗುಂಡು ಕೀಲು ಆಗಲೇ ಸವೆದು, ಹಿಡಿದು ಆಡಿಸಿದರೆ ಬಿದ್ದುಹೋಗುವ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಕತ್ತರಿಸಿದ ಸ್ಪ್ರಿಂಗಿಗೆ ಕುಗ್ಗಲು ಜಾಗವಿಲ್ಲದೆ, ದೊಡ್ಡ ಗುಂಡಿ ಸಿಕ್ಕಾಗ ಕಬ್ಬಿಣ ನೇರವಾಗಿ ತಡೆ ರಬ್ಬರಿಗೆ ಬಡಿದು ರಬ್ಬರು ಹರಿದಿತ್ತು.

ತಪ್ಪು ನನ್ನ ಕೈಯದಲ್ಲ ಎಂದು ಆ ದಿನ ನನಗೆ ಅತ್ತುಬಿಡುವಷ್ಟು ಸಂತೋಷವಾಯಿತು. ಸೀರೆಗೆ ಗ್ರೀಸು ಮೆತ್ತಿಕೊಂಡೇ ಹೋಗಿ ಮಾವನಿಗೆ ಹೇಳಿದೆ.

"ಮಾವ, ಸ್ಪ್ರಿಂಗ್ ಮತ್ತೆ ಹಾಕಿಸ್ಬಿಡಿ. ಕಾರು ತಗ್ಗಿಸಿದ್ರಿಂದ ಸ್ಟೀರಿಂಗೇ ಓರೆ ಆಗಿದೆ. ಟೈರೆಲ್ಲ ಒಳಗಡೆ ತಿಂದ್ಹೋಗಿದೆ, ಬಂದು ನೋಡಿ."

ಮಾವ ಬಂದು ನೋಡಲಿಲ್ಲ. ಪೇಪರಿನಿಂದ ತಲೆಯೆತ್ತಿ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದರು. ಆಮೇಲೆ ಸ್ವಲ್ಪ ಮೆತ್ತಗೆ, "ಹೆಣ್ಣು ಕೈಗೆ ಅಷ್ಟು ಬಲ ಇರಲ್ಲಮ್ಮ, ನಿನ್ನ ತಪ್ಪೇನಿಲ್ಲ. ನಿಮ್ಮತ್ತೆಗೆ ಅನುಕೂಲ ಆಗಿದೆಯಲ್ಲ, ಸಾಕು" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಈ ಕ್ಷಮೆ ಮೈಯೆಲ್ಲ ಉರಿಸಿತು. ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದು ಒಳಗೆ ಹೋದರು.

ಅದಾದ ಸ್ವಲ್ಪ ದಿನಕ್ಕೆ ನಾದಿನಿಯ ಮನೆಯ ಗೃಹಪ್ರವೇಶ ಬಂತು. ವಿಜಯನಗರದಲ್ಲಿ ಹೊಸ ಸೈಟು, ಹೊಸ ಮನೆ. ಸುತ್ತ ಇನ್ನೂ ಖಾಲಿ ಜಾಗ, ನೀರಿನ ಪೈಪಿಗೆ ಅಗೆದು ಮುಚ್ಚದೆ ಬಿಟ್ಟ ರಸ್ತೆ. ಮಾವ, ನಮ್ಮ ಯಜಮಾನರು ಬೆಳಗಿನ ಜಾವವೇ ಹೋಮಕ್ಕೆ ಹೋಗಿದ್ದರು. ಅತ್ತೆಯನ್ನೂ ಹಣ್ಣುಕಾಯಿಯ ತಟ್ಟೆಗಳನ್ನೂ ತರುವುದು ನನ್ನ ಪಾಲಿಗೆ ಬಂದಿತ್ತು. ಅತ್ತೆ ರೇಷ್ಮೆ ಸೀರೆ ಉಟ್ಟು, ಯಥಾಪ್ರಕಾರ ದುಪ್ಪಟಿ ಹಾಸಿ ಕೂತರು.

ಕಾರ್ಡ್ ರಸ್ತೆ ದಾಟುವವರೆಗೆ ಸರಿಯಿತ್ತು. ಆಮೇಲೆ ಗುಂಡಿಗಳು ಶುರುವಾದವು. ನಾನು ಎರಡೂ ಕೈಯಲ್ಲಿ ಸ್ಟೀರಿಂಗು ಅವುಚಿಕೊಂಡು, ಇವತ್ತು ನೆಂಟರೆದುರು ಮಾನ ಉಳಿದರೆ ಸಾಕಪ್ಪ ಎಂದು ದೇವರನ್ನು ನೆನೆಯುತ್ತಿದ್ದೆ. ಪೈಪಿನ ಗುಂಡಿಯೊಂದಕ್ಕೆ ಮುಂದಿನ ಚಕ್ರ ಇಳಿದು ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಹಿಂದಿನ ಸೀಟಿನಿಂದ ಅತ್ತೆ "ನಿಧಾನ ಕಣೇ" ಅಂದರು. ಇನ್ನೊಂದು ಗುಂಡಿ, ಇನ್ನೊಂದು ಏಟು. ಈ ಸಲ ಅವರು ಏನೂ ಅನ್ನಲಿಲ್ಲ.

ಮಾವಿನ ತೋರಣದ ಮನೆಯೆದುರು ಕಾರು ನಿಲ್ಲಿಸಿದೆ. ಯಾವ ಗೇಟಿಗೂ ಸವರದೆ ನಿಲ್ಲಿಸಿದ ಸಮಾಧಾನದಲ್ಲಿ ಇಳಿದು ಹಿಂದಿನ ಬಾಗಿಲು ತೆಗೆದೆ.

"ನಾನು ಇಳಿಯಲ್ಲ" ಅಂದರು ಅತ್ತೆ.

ಅಷ್ಟರಲ್ಲಿ ನಾದಿನಿ ಬಂದಳು, ಅವಳ ಹಿಂದೆ ಮಾವ, ಮಾವನ ಹಿಂದೆ ಶಲ್ಯ ಹೊದ್ದ ಇಬ್ಬರು ನೆಂಟರು. ಸೀಟು ತಗ್ಗಾಯಿತು, ಮಂಡಿ ಹಿಡಿದುಕೊಂಡಿದೆ ಎಂದು ಎಲ್ಲರೂ ತೀರ್ಮಾನಿಸಿದರು. ಮಾವ ಬಗ್ಗಿ ಅತ್ತೆಯ ರಟ್ಟೆ ಹಿಡಿದು, "ಏಳೇ, ಎಲ್ರೂ ಕಾಯ್ತಾ ಇದಾರೆ" ಎಂದು ಎಳೆದರು. ಒಬ್ಬ ನೆಂಟ ಇನ್ನೊಂದು ಬಾಗಿಲಿಗೆ ಸುತ್ತು ಹಾಕಿ ಹೊರಟ. ಅತ್ತೆ ಮುಂದಿನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದು ನನ್ನ ಕಡೆ ನೋಡಿದರು. ಆ ನೋಟ ನಾನು ಅದಕ್ಕೆ ಮೊದಲು ಅವರ ಮುಖದಲ್ಲಿ ಕಂಡಿರಲಿಲ್ಲ. ಸೊಸೆಯನ್ನು ಅತ್ತೆ ಹಾಗೆ ನೋಡುವುದಿಲ್ಲ. ನಾನು ಬಗ್ಗಿದೆ. ದುಪ್ಪಟಿಯ ಅಂಚು ಒದ್ದೆಯಾಗಿತ್ತು, ರೇಷ್ಮೆಯ ಬಣ್ಣ ಅಲ್ಲಿ ಕಪ್ಪಾಗಿತ್ತು, ವಾಸನೆಯೂ ಬಂತು.

ಹತ್ತೋಕಾಗಲ್ಲ ಅಂದದ್ದು, ಕಾಫಿ ಬೇಡ ಅಂದದ್ದು, ಸುಡುವ ಸೀಟು, ಎಲ್ಲ ಒಟ್ಟಿಗೆ ತಿಳಿಯಿತು. ಮಾವನ ಕೈ ಬಿಡಿಸಿ ನಾನು ಬಾಗಿಲಿಗೆ ಅಡ್ಡ ನಿಂತೆ.

"ಮುಟ್ಬೇಡಿ ಮಾವ. ಜೋರಾಗಿ ಗುಂಡಿಗೆ ಇಳಿಸ್ಬಿಟ್ಟೆ, ನಂಗೆ ಸ್ಟೀರಿಂಗ್ ಹಿಡಿಯೋಕಾಗ್ಲಿಲ್ಲ. ಅತ್ತೆ ಸೊಂಟ ಉಳುಕಿದೆ. ಈಗ ಎಳೆದ್ರೆ ಇನ್ನೂ ಜಾಸ್ತಿ ಆಗತ್ತೆ. ನಾನೇ ಮನೆಗೆ ಕರ್ಕೊಂಡು ಹೋಗ್ತೀನಿ."

ನನ್ನ ಬಾಯಿಂದಲೇ ಬಂತು ಆ ಮಾತು, ಹಿಡಿಯೋಕಾಗ್ಲಿಲ್ಲ ಅಂತ. ಮಾವನ ಮುಖ ಕೆಂಪಾಯಿತು. "ನಾನು ಆವತ್ತೇ ಅಂದೆ" ಎಂದು ಶಲ್ಯದವರ ಕಡೆ ತಿರುಗಿದರು. ಅವರಲ್ಲೊಬ್ಬ, "ಹೆಂಗಸರ ಕೈಗೆ ಕಾರು ಯಾಕೆ ಕೊಡ್ತೀರಿ, ಅಲ್ಲ" ಅಂದ. ಇನ್ನೊಬ್ಬ ನಕ್ಕ. ತೋರಣದ ಕೆಳಗೆ ನಿಂತ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಮಾವ ಜೊತೆಗೆ ಬರಲು ಹೊರಟಾಗ ಅತ್ತೆ ಒಳಗಿನಿಂದ, "ಪೂಜೆ ಬಿಟ್ಟು ಬರ್ಬೇಡ್ರಿ, ಇವಳಿದಾಳೆ" ಅಂದರು. ನಾನು ತಲೆ ತಗ್ಗಿಸಿಕೊಂಡು ಕಾರು ಹಿಂದಕ್ಕೆ ತೆಗೆದೆ. ಕ್ಲಚ್ಚು ಬೇಗ ಬಿಟ್ಟು ಎಂಜಿನ್ ನಿಂತುಹೋಯಿತು. ಮತ್ತೆ ನಕ್ಕದ್ದು ಕೇಳಿಸಿತು.

ಮನೆಯಲ್ಲಿ ಬಿಸಿನೀರು ತೋಡಿಕೊಟ್ಟೆ, ಬೇರೆ ಸೀರೆ ಕೊಟ್ಟೆ. ಅತ್ತೆ ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಕೂತು, ನಾನು ದುಪ್ಪಟಿಗೆ ಸೋಪು ಹಾಕುತ್ತಿದ್ದಾಗ, ನನ್ನ ಮುಖ ನೋಡದೆ ಹೇಳಿದರು. ಕೊನೆಯ ಹೆರಿಗೆ ಆದಾಗಿನಿಂದ ಹೀಗೆ. ಕೆಮ್ಮಿದರೆ, ಜೋರಾಗಿ ನಕ್ಕರೆ ತಡೆಯುವುದಿಲ್ಲ. ಯಾರಿಗೂ ಹೇಳಿಲ್ಲ.

"ಮುಂಚೆ ಆ ಕಾರು ತೂಗೋದು ಕಣೇ. ತೊಟ್ಟಿಲ ಹಾಗೆ. ಹೇಗೋ ತಡ್ಕೋತಿದ್ದೆ. ಈಗ ಕುಕ್ಕತ್ತೆ. ಕುಕ್ಕಿದ್ರೆ ನನ್ನ ಕೈಲಾಗಲ್ಲ."

ನಾನು ಕಾರಿನಡಿ ಮಲಗಿ, ಸರಳು, ಕೀಲು, ರಬ್ಬರು ಎಲ್ಲ ಮುಟ್ಟಿ ಕಂಡುಕೊಂಡಿದ್ದನ್ನು ಅವರು ಮೈಯಲ್ಲಿ ಮೊದಲೇ ತಿಳಿದಿದ್ದರು. ನಾನು ಟೈರು ಸವೆದದ್ದಕ್ಕೆ ಸಾಕ್ಷಿ ಹುಡುಕುವಾಗ ಹಿಂದಿನ ಸೀಟಿನಲ್ಲಿ ಅವರು ಹಲ್ಲುಕಚ್ಚಿ ಕೂತಿದ್ದರು. ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು.

"ಯಾರಿಗೂ ಹೇಳ್ಬೇಡ" ಅಂದರು.

"ಇಲ್ಲ ಅತ್ತೆ" ಅಂದೆ.

ಹೇಳಲಿಲ್ಲ. ಮಾವ ಅಂದೇ ಕಾರಿನ ಕೀಲಿಕೈ ಇಸಿದುಕೊಂಡು ತಮ್ಮ ಬೀರುವಿನಲ್ಲಿಟ್ಟರು. ಅತ್ತೆಯ ನೆಟ್ಟಗಿದ್ದ ಸೊಂಟಕ್ಕೆ ನಾನು ದಿನಾ ಎಣ್ಣೆ ತಿಕ್ಕಬೇಕಾಯಿತು. ನೋಡಲು ಬಂದವರೆಲ್ಲ ಅತ್ತೆಗೆ ಪಾಪ ಅಂದು, ನನ್ನನ್ನು ಒಂದು ಥರ ನೋಡಿ ಹೋದರು. ಮುದುಕಿಯ ಸೊಂಟ ಮುರಿದವಳು ಎಂದು ಬೀದಿಯಲ್ಲಿ ಹೆಸರಾಯಿತು. ನೀರು ಹಿಡಿಯಲು ಹೋದರೆ ಮಾತು ನಿಲ್ಲುತ್ತಿತ್ತು. ಒಂದು ರಾತ್ರಿ ನಮ್ಮ ಯಜಮಾನರಿಗೆ ಕಾರಿನ ವಿಷಯ ಎತ್ತಿದರೆ, "ಹೋಗ್ಲಿ ಬಿಡೇ, ಓಡಿಸ್ದೇ ಇದ್ರೆ ಏನಾಗತ್ತೆ" ಅಂದರು. ಏನೂ ಆಗುವುದಿಲ್ಲ, ನಿಜ. ಚಕ್ಕುಲಿ ಕಲಿಯಬಹುದು. ಷೆಡ್ಡಿನ ಮುಂದೆ ಹಾದುಹೋಗುವಾಗ ಮಾತ್ರ ನಾನು ಆ ಕಡೆ ನೋಡುತ್ತಿರಲಿಲ್ಲ.

ಒಂದು ಸಂಜೆ ಮಾವ, ಯಜಮಾನರು ಊಟಕ್ಕೆ ಕೂತಿದ್ದರು. ಅತ್ತೆ ಮಣೆಯ ಮೇಲೆ ಪಕ್ಕದಲ್ಲಿ ಕೂತು ಮಜ್ಜಿಗೆ ಕಡೆಯುತ್ತಿದ್ದರು, ನಾನು ಹುಳಿ ಬಡಿಸುತ್ತಿದ್ದೆ. ಮಾವ, ನಾಳೆಯಿಂದ ಒಬ್ಬ ಡ್ರೈವರ್ ಬರುತ್ತಾನೆ, ಗೊತ್ತುಮಾಡಿ ಆಯಿತು ಅಂದರು.

"ಇನ್ನು ಇವಳು ಕಾರು ಮುಟ್ಟೋದು ಬೇಡ. ನಿನ್ನ ಸೊಂಟ ಮುರಿದದ್ದು ಸಾಕು."

ಕಡೆಗೋಲಿನ ಸದ್ದು ನಿಂತಿತು.

"ನನ್ನ ಸೊಂಟ ಸರಿಯಾಗೇ ಇದೆ" ಅಂದರು ಅತ್ತೆ. ದನಿ ಎತ್ತರಿಸಲಿಲ್ಲ. "ಅವತ್ತು ನಾನು ಕಾರಲ್ಲಿ ಒಂದಕ್ಕೆ ಮಾಡ್ಕೊಂಡೆ. ಅಷ್ಟು ಜನದ ಮುಂದೆ ನೀವು ನನ್ನ ಎಳೀತಿದ್ರಿ. ಅದಕ್ಕೇ ಇವಳು ತನ್ನ ತಲೆ ಮೇಲೆ ಹಾಕ್ಕೊಂಡ್ಲು. ಇವಳ ಕೈ ಸರಿ ಇದೆ. ಕಾರು ಕೆಡಿಸಿದ್ದು ನೀವು."

ನಮ್ಮ ಯಜಮಾನರು ಎಲೆ ನೋಡುತ್ತಾ ಕೂತರು. ಮಗನೆದುರು ಹೇಳಿದ್ದರು ಅವರು, ಬೆಳೆದ ಮಗನೆದುರು. ಕಿವಿಯ ತನಕ ಕೆಂಪಾಗಿತ್ತು ಅತ್ತೆಯ ಮುಖ, ಆದರೂ ಕಣ್ಣು ಕೆಳಗಿಳಿಸಿರಲಿಲ್ಲ.

"ಮೊದ್ಲೇ ಹೇಳ್ಬಾರ್ದಿತ್ತೇನೇ" ಅಂದರು ಮಾವ.

"ಹೇಳಿದ್ರೆ ಏನ್ ಮಾಡ್ತಿದ್ರಿ? ನನ್ನನ್ನೂ ಗ್ಯಾರೇಜಿಗೆ ಬಿಡ್ತಿದ್ರಾ?"

ಯಾರೂ ನಗಲಿಲ್ಲ. ಮಾವ ಅರ್ಧ ಊಟದಲ್ಲೇ ಎದ್ದು ಕೈತೊಳೆದು ಒಳಗೆ ಹೋದರು. ಬೀರುವಿನ ಬಾಗಿಲು ತೆಗೆದ ಸದ್ದಾಯಿತು. ಬಂದು ಕೀಲಿಕೈಯನ್ನು ನನ್ನ ಪಕ್ಕದಲ್ಲಿ ನೆಲದ ಮೇಲಿಟ್ಟು, ನನ್ನನ್ನೂ ನೋಡದೆ, ಹೆಂಡತಿಯನ್ನೂ ನೋಡದೆ ಹೊರಗೆ ಹೋದರು.

ಅತ್ತೆಗೆ ಆಗ ಅಳು ಬಂತು. ಗಂಡನೆದುರು, ಮಗನೆದುರು ಅದುವರೆಗೂ ತಡೆದುಕೊಂಡದ್ದೆಲ್ಲ ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ನಾನು ಅವರ ಹತ್ತಿರ ಹೋಗಬೇಕಾಗಿತ್ತು, ಹೋದೆ ಕೂಡ. ಆದರೆ ಹೋಗುವ ಮೊದಲು ಹುಳಿಯ ಪಾತ್ರೆ ಕೆಳಗಿಟ್ಟು, ಬಗ್ಗಿ, ಕೀಲಿಕೈ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅತ್ತೆ ಸೆರಗಿನ ಸಂದಿಯಿಂದ ಅದನ್ನು ನೋಡಿದರು.